ಬೇಕಾದ ಟೋನ್ ಬರ್ತಿಲ್ವಾ? ಇನ್ನೊಂದು ಪೆಡಲ್ ಕೊಳ್ಳೋ ಮುಂಚೆ ಇಷ್ಟು ನೋಡಿ

ಎರಡು ವರ್ಷದಲ್ಲಿ ನನ್ನ ಎಲೆಕ್ಟ್ರಿಕ್ ಗಿಟಾರಿಗೆ ಅಂತ ಮೂರು ಓವರ್‌ಡ್ರೈವ್ ಪೆಡಲ್ ಕೊಂಡೆ, ಕಾಲಲ್ಲಿ ತುಳಿದರೆ ಗಿಟಾರಿನ ಸದ್ದನ್ನು ಸ್ವಲ್ಪ ಒಡೆದು ಒರಟು ಮಾಡುವ ಪುಟ್ಟ ಡಬ್ಬ. ಮೂರರಲ್ಲೂ ಸದ್ದು ಮೊಬ್ಬು, ಕಂಬಳಿ ಹೊದ್ದುಕೊಂಡು ಯಾರೋ ಹಾಡಿದ ಹಾಗೆ. ಮೊದಲನೆಯದನ್ನು ಮಾರಿದೆ. ಎರಡನೆಯದನ್ನು ಗೆಳೆಯನ ತಲೆಗೆ ಕಟ್ಟಿದೆ. ಮೂರನೆಯದನ್ನು ಮಾರಲು ಪೆಡಲ್ ಜೋಡಿಸಿಟ್ಟ ಬೋರ್ಡಿನಿಂದ ಬಿಚ್ಚಿದವನು, ಸುಮ್ನೆ ಇರಲಿ ಅಂತ ಗಿಟಾರನ್ನು ನೇರವಾಗಿ ಆಂಪ್‌ಗೆ (ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್) ಚುಚ್ಚಿ ಒಂದು ಕಾರ್ಡ್ ಬಾರಿಸಿದೆ. ಮೊಬ್ಬು ಮಾಯ! ಆಮೇಲೆ ಒಂದೊಂದೇ ಸೇರಿಸುತ್ತಾ ಹೋದರೆ ಕಳ್ಳ ಸಿಕ್ಕಿದ್ದು ಸಾಲಿನ ಮೊದಲಲ್ಲಿ, ನಾನು ತಿಂಗಳಿಗೊಮ್ಮೆಯೂ ತುಳಿಯದ, ಸದ್ದನ್ನು ವಾ-ವಾ ಅನ್ನಿಸುವ ಹಳೇ ವಾ ಪೆಡಲ್. ಆಫ್ ಇದ್ದಾಗಲೂ ಅದು ಕೂತಲ್ಲೇ ಸಿಗ್ನಲ್ ಕುಡಿಯುತ್ತಿತ್ತು.

ಆವತ್ತಿನಿಂದ ಯಾರಾದರೂ "ಗುರು, ಯಾವ ಪೆಡಲ್ ತಗೊಳ್ಳಲಿ?" ಅಂತ ಕೇಳಿದರೆ, "ಈಗ ಇರೋದರಲ್ಲಿ ಏನು ಕೆಟ್ಟಿದೆ ಅಂತ ನೋಡಿದ್ಯಾ?" ಅಂತಲೇ ನಾನು ಮೊದಲು ಕೇಳುವುದು. ಹೆಚ್ಚಿನವರು ನೋಡಿರುವುದಿಲ್ಲ.

ಮೊದಲು ಎಲ್ಲ ಬಿಚ್ಚಿ

ಗಿಟಾರ್, ಒಂದು ಕೇಬಲ್, ಆಂಪ್. ಅಷ್ಟೇ. ಆಂಪ್‌ನ ಬಾಸ್, ಮಿಡ್, ಟ್ರೆಬಲ್ ಮೂರನ್ನೂ ನಡುವಿಗಿಡಿ, ಗಿಟಾರಿನ ವಾಲ್ಯೂಮ್ ಮತ್ತು ಟೋನ್ ಪೂರ್ತಿ ತಿರುಗಿಸಿ. ಐದು ನಿಮಿಷ ನುಡಿಸಿ, ಫೋನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ರೆಕಾರ್ಡಿಂಗ್ ಯಾಕೆ ಅಂದರೆ ನಮ್ಮ ಕಿವಿಗೆ ಮರೆವು ಜಾಸ್ತಿ, ಎರಡು ಕೇಬಲ್ ಬದಲಾಯಿಸುವಷ್ಟರಲ್ಲಿ ಮೊದಲಿನ ಸದ್ದು ಹೇಗಿತ್ತು ಅನ್ನುವುದೇ ತಲೆಯಲ್ಲಿ ಉಳಿದಿರುವುದಿಲ್ಲ.

ಇಲ್ಲೇ ಸದ್ದು ಸತ್ತ ಹಾಗಿದ್ದರೆ ಯಾವ ಪೆಡಲೂ ಅದಕ್ಕೆ ಜೀವ ಕೊಡುವುದಿಲ್ಲ. ತಂತಿ ಹಾಕಿ ಎಷ್ಟು ದಿನ ಆಯ್ತು ನೋಡಿ. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ತಂತಿ ಬಲು ಬೇಗ ಕಂದುತ್ತದೆ. ಪಿಕಪ್ (ತಂತಿಯ ಕೆಳಗೆ ಕೂತು ಅದರ ಕಂಪನ ಹಿಡಿಯುವ ಅಯಸ್ಕಾಂತ ಮತ್ತು ಸುರುಳಿ) ತಂತಿಯಿಂದ ತುಂಬಾ ಕೆಳಗಿದ್ದರೆ ಸ್ಕ್ರೂ ತಿರುಗಿಸಿ ಮೇಲೆತ್ತಿ, ಆದರೆ ತೀರಾ ಹತ್ತಿರ ತರಬೇಡಿ, ಅಯಸ್ಕಾಂತ ತಂತಿಯನ್ನು ಎಳೆದು ಶ್ರುತಿ ಕೆಡಿಸುತ್ತದೆ.

ಇಲ್ಲಿ ಸದ್ದು ಚೆನ್ನಾಗಿದ್ದರೆ ದೋಷ ಬೋರ್ಡ್ ಮೇಲಿದೆ ಅಂತ ಅರ್ಥ. ಈಗ ಒಂದೊಂದೇ ಪೆಡಲ್ ತೆಗೆದು ನೋಡುತ್ತಾ ಕೂರಬೇಡಿ. ಎಂಟು ಪೆಡಲ್ ಇದ್ದರೆ ಮೊದಲ ನಾಲ್ಕನ್ನು ಬಿಟ್ಟು ಉಳಿದ ನಾಲ್ಕಕ್ಕೆ ಮಾತ್ರ ಚುಚ್ಚಿ. ದೋಷ ಹೋಯಿತಾ? ಹಾಗಾದರೆ ಅದು ಬಿಟ್ಟ ನಾಲ್ಕರಲ್ಲಿದೆ. ಆ ನಾಲ್ಕನ್ನು ಮತ್ತೆ ಎರಡೆರಡು ಮಾಡಿ. ಮೂರೇ ಸಲದಲ್ಲಿ ಸಿಕ್ಕಿಬೀಳುತ್ತದೆ. ಒಂದು ಎಚ್ಚರಿಕೆ: ಪೆಡಲ್ ತೆಗೆಯುವಾಗ ಅದರ ಜೊತೆಗಿದ್ದ ಚಿಕ್ಕ ಪ್ಯಾಚ್ ಕೇಬಲ್ಲೂ ಹೊರಗೆ ಬರುತ್ತದಲ್ಲ, ಎಷ್ಟೋ ಸಲ ತಪ್ಪು ಅದರದ್ದೇ ಇರುತ್ತದೆ. ಪೆಡಲ್ ಮೇಲೆ ಅಪವಾದ ಹೊರಿಸುವ ಮುಂಚೆ ಆ ಕೇಬಲನ್ನು ಬೇರೆ ಕಡೆ ಹಾಕಿ ಅಲ್ಲಾಡಿಸಿ ನೋಡಿ.

ಸದ್ದು ಮೊಬ್ಬಾಗಿದೆ

ಗಿಟಾರ್ ಪಿಕಪ್ಪಿನಿಂದ ಬರುವ ಸಿಗ್ನಲ್ ತುಂಬಾ ನಾಜೂಕು. ಕೇಬಲ್ ಅನ್ನುವುದು ನೋಡಲು ವೈರ್ ಆದರೂ ಒಳಗೊಳಗೆ ಒಂದು ಕೆಪಾಸಿಟರ್, ಉದ್ದ ಆದಷ್ಟೂ ಸದ್ದಿನ ಮೇಲಿನ ಭಾಗವನ್ನು ನುಂಗುತ್ತದೆ. ಸಾಮಾನ್ಯ ಕೇಬಲ್ಲಿಗೆ ಮೀಟರಿಗೆ 100 ಪಿಕೋಫ್ಯಾರಡ್ ಆಸುಪಾಸು ಇರುತ್ತದೆ. ಗಿಟಾರಿನಿಂದ ಬೋರ್ಡಿಗೆ 6 ಮೀಟರ್, ಬೋರ್ಡಿನಿಂದ ಆಂಪ್‌ಗೆ 6 ಮೀಟರ್, ನಡುವೆ ಪ್ಯಾಚ್ ಕೇಬಲ್ ಎಲ್ಲ ಸೇರಿ ಒಂದೆರಡು ಮೀಟರ್. ಫೆಂಡರ್ ಸ್ಟ್ರಾಟ್ ಗಿಟಾರಿನ ಥರದ, ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್‌ಗೆ 6 ಮೀಟರ್ ಕೇಬಲ್ ಮಾತ್ರ ಇದ್ದಾಗ ಅದರ ಮಿಂಚು, ಅಂದರೆ ಸದ್ದು ಹೆಚ್ಚು ಹೊಳೆಯುವ ಜಾಗ, ಹೆಚ್ಚುಕಮ್ಮಿ 4 ಕಿಲೋಹರ್ಟ್ಜ್ ಹತ್ತಿರ ಇರುತ್ತದೆ. 14 ಮೀಟರ್ ಆದಾಗ ಅದು 2.5 ಕಿಲೋಹರ್ಟ್ಜ್ ಕಡೆಗೆ ಇಳಿಯುತ್ತದೆ, ಅದರ ಮೇಲಿನದ್ದೆಲ್ಲ ಕರಗಿಹೋಗುತ್ತದೆ. ಇದೇ ಆ ಕಂಬಳಿ.

ಪರೀಕ್ಷೆ ಸುಲಭ. ಬಾಸ್ ಕಂಪನಿಯ ಯಾವುದಾದರೂ ಸಾಮಾನ್ಯ ಪೆಡಲ್ ಒಂದನ್ನು, ಟ್ಯೂನರ್ ಆದರೂ ಸರಿ, ಸಾಲಿನ ಮೊದಲಿಗೆ ಇಡಿ. ಆಫ್ ಇದ್ದಾಗಲೂ ಅದರೊಳಗಿನ ಬಫರ್ ಕೆಲಸ ಮಾಡುತ್ತಿರುತ್ತದೆ, ನಾಜೂಕಾದ ಸಿಗ್ನಲ್ಲಿಗೆ ತಳ್ಳುವ ಶಕ್ತಿ ಕೊಡುತ್ತದೆ. ಅದನ್ನು ಇಟ್ಟ ತಕ್ಷಣ ಸದ್ದು ತೆರೆದುಕೊಂಡರೆ ನಿಮಗೆ ಬೇಕಿದ್ದದ್ದು ಹೊಸ ಡ್ರೈವ್ ಅಲ್ಲ, ಒಂದು ಬಫರ್. "ಟ್ರೂ ಬೈಪಾಸ್ ಒಂದೇ ಶುದ್ಧ" (ಆಫ್ ಇದ್ದಾಗ ಸಿಗ್ನಲ್ ಒಳಗಿನ ಸರ್ಕ್ಯೂಟ್ ಮುಟ್ಟದೆ ನೇರ ದಾಟಿಹೋಗಬೇಕು) ಅಂತ ಮಡಿ ಮಾಡುವವರು ಬಹಳ ಜನ ಇದ್ದಾರೆ. ಎರಡು ಮೂರು ಪೆಡಲ್ ಇದ್ದಾಗ ಅವರ ಮಾತು ಸರಿ. ಹತ್ತು ಪೆಡಲ್ಲೂ ಟ್ರೂ ಬೈಪಾಸ್ ಆಗಿದ್ದರೆ ಎಲ್ಲ ಆಫ್ ಮಾಡಿದಾಗ ನಿಮ್ಮ ಕೈಯಲ್ಲಿ ಉಳಿಯುವುದು ಉದ್ದದ ಕೇಬಲ್ ಒಂದೇ.

ನನ್ನ ವಾ ಪೆಡಲಿನ ಕಾಯಿಲೆ ಸ್ವಲ್ಪ ಬೇರೆ. ಹಳೇ ಕಾಲದ ವಾ ಪೆಡಲುಗಳಲ್ಲಿ ಸ್ವಿಚ್ ಔಟ್‌ಪುಟ್ ಕಡೆ ಮಾತ್ರ ಬದಲಾಯಿಸುತ್ತಿತ್ತು, ಆಫ್ ಮಾಡಿದರೂ ಒಳಗಿನ ಸರ್ಕ್ಯೂಟ್ ಗಿಟಾರಿಗೆ ಜೋತುಬಿದ್ದೇ ಇರುತ್ತಿತ್ತು. ಬೆಂಗಳೂರಿನ ಎಸ್ ಪಿ ರೋಡಿನಲ್ಲಿ ಅರ್ಧ ದಿನ ಅಲೆದು, ಆಫ್ ಮಾಡಿದಾಗ ಸರ್ಕ್ಯೂಟನ್ನು ಎರಡೂ ಕಡೆಯಿಂದ ಬಿಡಿಸುವ ಒಂಬತ್ತು ಕಾಲಿನ ಸ್ವಿಚ್ ತಂದು ಬೆಸುಗೆ ಹಾಕಿದೆ. ಮೊದಲನೇ ಸಲ ಎರಡು ವೈರ್ ಅದಲು ಬದಲಾಗಿ ಏನೂ ಸದ್ದೇ ಬರಲಿಲ್ಲ, ಎರಡನೇ ಸಲ ಬಂತು. ಓವರ್‌ಡ್ರೈವ್ ಕೊಳ್ಳಲು ಸುರಿದ ದುಡ್ಡಿನ ಮುಂದೆ ಆ ಸ್ವಿಚ್ಚಿನ ಬೆಲೆ ಲೆಕ್ಕಕ್ಕೇ ಇಲ್ಲ.

ಗುಂಯ್ ಅನ್ನುತ್ತಿದೆ, ಕರ್ ಅನ್ನುತ್ತಿದೆ, ಕೀ ಅನ್ನುತ್ತಿದೆ

ಎಲ್ಲಕ್ಕೂ ಜನ ಒಂದೇ ಮಾತು ಹೇಳುತ್ತಾರೆ, "ನಾಯ್ಸ್ ಬರ್ತಿದೆ." ಹಾಗಂದರೆ ಸಾಲದು. ಯಾವ ಸದ್ದು ಅಂತ ಸರಿಯಾಗಿ ಕೇಳಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು.

ದಪ್ಪ ಗುಂಯ್ ಅನ್ನುವುದು ಕರೆಂಟಿನದೇ ದನಿ, ನಮ್ಮ ದೇಶದಲ್ಲಿ 50 ಹರ್ಟ್ಜ್. ಗಿಟಾರ್ ಹಿಡಿದು ನಿಧಾನಕ್ಕೆ ಸುತ್ತ ತಿರುಗಿ. ಒಂದು ದಿಕ್ಕಿನಲ್ಲಿ ಜೋರು, ಇನ್ನೊಂದು ದಿಕ್ಕಿನಲ್ಲಿ ಕಮ್ಮಿ ಆದರೆ ಅದು ಸಿಂಗಲ್ ಕಾಯಿಲ್ ಪಿಕಪ್ ಗಾಳಿಯಿಂದ ಹಿಡಿಯುತ್ತಿರುವ ಸದ್ದು. ಫ್ಯಾನ್ ರೆಗ್ಯುಲೇಟರ್, ಹಳೇ ಟ್ಯೂಬ್‌ಲೈಟಿನ ಚೋಕ್, ಆಂಪ್‌ನ ಟ್ರಾನ್ಸ್‌ಫಾರ್ಮರ್ ಇವುಗಳಿಂದ ದೂರ ಕೂತುಕೊಳ್ಳಿ. ಪೆಡಲ್ ಬದಲಾಯಿಸಿ ಉಪಯೋಗ ಇಲ್ಲ, ಸದ್ದನ್ನು ಪೂರ್ತಿ ಒಡೆಯುವ ಡಿಸ್ಟಾರ್ಷನ್ ಪೆಡಲ್ ಹಾಕಿದರೆ ಆ ಗುಂಯ್ ಇನ್ನೂ ದೊಡ್ಡದಾಗುತ್ತದೆ ಅಷ್ಟೇ. ಈ ಗೋಳಿಗೇ ಗಿಬ್ಸನ್ ಗಿಟಾರ್ ಕಂಪನಿಯಲ್ಲಿದ್ದ ಸೇತ್ ಲವರ್ 1955ರಲ್ಲಿ ಗುಂಯ್ ಅಡಗಿಸುವ, ಎರಡು ಸುರುಳಿಗಳ ಹಂಬಕರ್ ಪಿಕಪ್ ಮಾಡಿದ್ದು.

ಎಲ್ಲಿ ತಿರುಗಿದರೂ ಗುಂಯ್ ಒಂದೇ ಥರ ಇದ್ದರೆ ಪವರ್ ಕಡೆ ನೋಡಿ. ಒಂದೇ ಅಡಾಪ್ಟರಿನಿಂದ ಸರಪಳಿ ವೈರ್ ಹಾಕಿ ಏಳೆಂಟು ಪೆಡಲಿಗೆ ಕರೆಂಟ್ ಕೊಡುವುದು ನಾವೆಲ್ಲ ಮಾಡುವ ಕೆಲಸ. ಬರೀ ಅನಲಾಗ್ ಪೆಡಲುಗಳಿದ್ದರೆ ಸಾಮಾನ್ಯವಾಗಿ ನಡೆದುಹೋಗುತ್ತದೆ. ಅದೇ ಸರಪಳಿಗೆ ಒಂದು ಡಿಜಿಟಲ್ ಡಿಲೇ (ನುಡಿಸಿದ್ದನ್ನು ಪ್ರತಿಧ್ವನಿಯ ಹಾಗೆ ಮತ್ತೆ ಕೇಳಿಸುವ ಪೆಡಲ್) ಸೇರಿಸಿ ನೋಡಿ, ಸೊಳ್ಳೆ ಕೂಗಿದ ಹಾಗೆ ಕೀ ಅಂತ ಸಣ್ಣ ದನಿ ಶುರುವಾಗುತ್ತದೆ. ಅದು ಡಿಲೇ ಒಳಗಿನ ಗಡಿಯಾರದ ಸದ್ದು, ಪವರ್ ವೈರ್ ಹಿಡಿದು ಪಕ್ಕದ ಮನೆಗೆ ಬಂದಿದೆ. ಪರೀಕ್ಷೆ ಏನೆಂದರೆ ಅನುಮಾನ ಇರುವ ಒಂದು ಪೆಡಲನ್ನು 9 ವೋಲ್ಟ್ ಬ್ಯಾಟರಿಗೆ ಹಾಕಿ. ಸದ್ದು ನಿಂತರೆ ತಪ್ಪು ಆ ಪೆಡಲಿನದಲ್ಲ, ಎಲ್ಲರೂ ಹಂಚಿಕೊಂಡ ಪವರ್ ಸರಪಳಿಯದ್ದು. ಡಿಜಿಟಲ್ ಪೆಡಲುಗಳಿಗೆ ಬೇರೆ ಅಡಾಪ್ಟರ್ ಕೊಡಿ, ಇಲ್ಲವೇ ಪ್ರತಿ ಔಟ್‌ಪುಟ್ಟೂ ಬೇರೆಬೇರೆ ಇರುವ ಐಸೊಲೇಟೆಡ್ ಪವರ್ ಸಪ್ಲೈ ತಗೊಳ್ಳಿ. ನನ್ನನ್ನು ಕೇಳಿದರೆ ನಾಲ್ಕನೇ ಪೆಡಲ್ ಕೊಳ್ಳುವ ದುಡ್ಡಲ್ಲಿ ಮೊದಲು ಅದನ್ನೇ ಕೊಳ್ಳಬೇಕು. ಫೋಟೊದಲ್ಲಿ ಅದು ಚೆಂದ ಕಾಣಲ್ಲ, ಹಾಗಾಗಿ ಯಾರೂ ಕೊಳ್ಳಲ್ಲ.

ಅಡಾಪ್ಟರ್ ಹಾಕುವಾಗ ಪೆಡಲ್ ಮೇಲೆ ಬರೆದಿರುವ ವೋಲ್ಟ್, ಮಿಲಿಆಂಪ್, ಪ್ಲಸ್ ಮೈನಸ್ ಚಿತ್ರ ಮೂರನ್ನೂ ನೋಡಿ. ಹೆಚ್ಚಿನ ಪೆಡಲಿಗೆ 9 ವೋಲ್ಟ್ ಡಿಸಿ, ನಡುವಿನ ಪಿನ್ ಮೈನಸ್. ಮನೆಯಲ್ಲಿ ಬಿದ್ದಿರುವ ರೂಟರ್ ಅಡಾಪ್ಟರಿನಲ್ಲಿ ಸಾಮಾನ್ಯವಾಗಿ ನಡುವಿನದ್ದು ಪ್ಲಸ್ ಇರುತ್ತದೆ, ಅಳತೆ ಸರಿಯಾಗಿ ಕೂರುತ್ತದೆ, ಪೆಡಲ್ ಸುಟ್ಟುಹೋಗಬಹುದು. ಮಿಲಿಆಂಪ್ ವಿಷಯದಲ್ಲಿ ಅಡಾಪ್ಟರಿನ ಅಂಕಿ ಜಾಸ್ತಿ ಇದ್ದರೆ ಭಯ ಇಲ್ಲ, ಪೆಡಲ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಕಮ್ಮಿ ಇದ್ದರೆ ಡಿಜಿಟಲ್ ಪೆಡಲ್ ಆನ್ ಆಗುವುದು, ಆಫ್ ಆಗುವುದು, ನಡುವೆ ಚಟಪಟ ಅನ್ನುವುದು ಎಲ್ಲ ಶುರುಮಾಡುತ್ತದೆ.

ಇನ್ನು ಕರ್ ಅನ್ನುವ ಒರಟು ಸದ್ದು. ಒಂದು ಸಲ ನಮ್ಮ ಏರಿಯಾದ ಗಣೇಶನ ಪೆಂಡಾಲಿನಲ್ಲಿ ನುಡಿಸಲು ಹೋಗಿದ್ದೆವು. ಸಂಜೆ ಸೌಂಡ್ ಚೆಕ್ಕಲ್ಲಿ ಎಲ್ಲ ಸರಿಯಿತ್ತು. ಏಳು ಗಂಟೆಗೆ ಸೀರಿಯಲ್ ಸೆಟ್ ಹಚ್ಚಿದರು ನೋಡಿ, ಡ್ರೈವ್ ಪೆಡಲ್ ತುಳಿದರೆ ಗಿಟಾರಿಗಿಂತ ಕರ್ ಸದ್ದೇ ಜೋರು, ಅದೂ ಲೈಟ್ ಮಿಣುಕಿದ ತಾಳಕ್ಕೆ ಸರಿಯಾಗಿ ಕರ್, ಕರ್, ಕರ್. ನಾನು ಮಂಡಿಯೂರಿ ಪೆಡಲ್ ಮೇಲೆ ಪೆಡಲ್ ಬಿಚ್ಚುತ್ತಿದ್ದೆ. ಸೌಂಡ್ ಸಿಸ್ಟಂ ಅಣ್ಣ ಬಂದವರು ಬೋರ್ಡ್ ಕಡೆ ನೋಡಲೂ ಇಲ್ಲ, ನನ್ನ ಪವರ್ ವೈರ್ ಹಿಡಿದು ಅದು ಹೋದ ದಾರಿಯನ್ನೇ ನೋಡುತ್ತಾ ವೇದಿಕೆ ಹಿಂದೆ ಹೋದರು. "ಲೈಟ್ ಲೈನಲ್ಲಿ ಹಾಕಿದ್ದೀರಲ್ಲ ಸರ್, ನಮ್ಮ ಮಿಕ್ಸರ್ ಬೋರ್ಡಿಂದ ತಗೊಳ್ಳಿ" ಅಂದರು. ಮಿಕ್ಸರಿಗೆ ಹೋಗುತ್ತಿದ್ದ ಲೈನಿನಿಂದಲೇ ಆಂಪ್‌ಗೂ ಪೆಡಲಿಗೂ ಕರೆಂಟ್ ಕೊಟ್ಟ ಮೇಲೆ ತಣ್ಣಗಾಯಿತು.

ಮನೆಯಲ್ಲಿ ಕರೆಂಟ್ ಹೋಗಿ ಯುಪಿಎಸ್ ಬಂದಾಗ ಮಾತ್ರ ಕರ್ ಅಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನ ಕೊಡುಗೆ. ಪೆಡಲನ್ನು ದೂರಬೇಡಿ, ಕರೆಂಟ್ ಬರುವ ತನಕ ಹಾಗೇ ನುಡಿಸಿ.

ತಂತಿ ಮುಟ್ಟಿದಾಗ ಸದ್ದು ಕಮ್ಮಿ ಆದರೆ ಗಾಬರಿ ಬೇಡ, ಅದು ಮಾಮೂಲು. ಮುಟ್ಟಿದಾಗ ಜಾಸ್ತಿ ಆದರೆ ಗಿಟಾರಿನ ಜ್ಯಾಕ್ ವೈರಿಂಗ್ ಅಥವಾ ಮನೆಯ ಅರ್ಥಿಂಗ್ ನೋಡಿಸಬೇಕು. ತುಟಿಗೆ ಮೈಕ್ ತಾಗಿದಾಗ ಜುಮ್ಮೆಂದರೆ ಅಲ್ಲೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ. ಗುಂಯ್ ಹೋಗುತ್ತದೆ ಅಂತ ಆಂಪ್‌ನ ಮೂರನೇ ಪಿನ್ ಮುರಿಯುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ, ಜೀವ ಹೋಗುವ ಕೆಲಸ ಅದು.

ಫಝ್ ಕೊಂಡೆ, ವಿಚಿತ್ರವಾಗಿ ಕಿರುಚುತ್ತದೆ

ಫಝ್ ಅಂದರೆ ಸದ್ದನ್ನು ತೀರಾ ಒರಟಾಗಿ ಒಡೆಯುವ ಪೆಡಲ್. ಲಂಡನ್ನಿನಲ್ಲಿ 1966ರಲ್ಲಿ ಬಂದ ಫಝ್ ಫೇಸ್ ಮತ್ತು ಅದರ ವಂಶದ ಪೆಡಲುಗಳಿಗೆ ಸ್ವಲ್ಪ ಹಠ ಜಾಸ್ತಿ. ಅವು ಗಿಟಾರನ್ನು ನೇರವಾಗಿ ಮುಟ್ಟಬೇಕು. ನಡುವೆ ಬಫರ್ ಬಂದರೆ ಸದ್ದು ಚುಚ್ಚುತ್ತದೆ, ಗಿಟಾರಿನ ವಾಲ್ಯೂಮ್ ಇಳಿಸಿದಾಗ ಕ್ಲೀನ್ ಆಗುವ ಗುಣವೂ ಹೋಗುತ್ತದೆ. ಮೇಲೆ ಬಫರನ್ನು ಮೊದಲಿಗಿಡಿ ಅಂದೆನಲ್ಲ, ಈ ಥರದ ಫಝ್ ಇದ್ದರೆ ಅದು ಮೊದಲು, ಆಮೇಲೆ ಬಫರ್. ಜರ್ಮೇನಿಯಂ ಟ್ರಾನ್ಸಿಸ್ಟರ್ ಇದ್ದರೆ ಬಿಸಿಯೂ ಒಗ್ಗುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋಗಿ ನೋಡಿ, ಸದ್ದು ಕೆಮ್ಮಲು ಶುರು. ನೆರಳಲ್ಲಿ ತಣ್ಣಗಾದರೆ ತಾನೇ ಸರಿಹೋಗುತ್ತದೆ. ಇವುಗಳಲ್ಲಿ ಹಲವು ಪಾಸಿಟಿವ್ ಗ್ರೌಂಡ್, ಅಂದರೆ ಪ್ಲಸ್ ಮೈನಸ್ ಬೇರೆ ಪೆಡಲುಗಳಿಗೆ ತಿರುಗುಮುರುಗು. ಬೇರೆ ಪೆಡಲುಗಳ ಸರಪಳಿ ವೈರಿಗೆ ಸೇರಿಸಿದರೆ ಶಾರ್ಟ್ ಆಗುತ್ತದೆ. ಇದಕ್ಕೆ ಬ್ಯಾಟರಿಯೇ ವಾಸಿ. ನುಡಿಸಿದ ಮೇಲೆ ಇನ್‌ಪುಟ್ ಕೇಬಲ್ ತೆಗೆದಿಡಿ, ಅದು ಚುಚ್ಚಿರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಿರುತ್ತದೆ.

ಮನೇಲಿ ಸೂಪರ್, ಬ್ಯಾಂಡಲ್ಲಿ ಮಾಯ

ಇಲ್ಲಿ ಪೆಡಲ್ ಕೆಟ್ಟಿರುವುದಿಲ್ಲ. ಆಯ್ಕೆ ಅಥವಾ ಸೆಟ್ಟಿಂಗ್ ತಪ್ಪಿರುತ್ತದೆ. ಇದು ನನಗೆ ಅರ್ಥ ಆಗಲು ತುಂಬಾ ದಿನ ಹಿಡಿಯಿತು.

ಮನೆಯಲ್ಲಿ ಸಣ್ಣ ಸದ್ದಲ್ಲಿ ನುಡಿಸುವಾಗ ನಮ್ಮ ಕಿವಿಗೆ ಬಾಸ್ ಮತ್ತು ಟ್ರೆಬಲ್ ಕಮ್ಮಿ ಕೇಳುತ್ತದೆ. ಅದಕ್ಕೆ ಎರಡನ್ನೂ ಏರಿಸಿ ಮಿಡ್ ಇಳಿಸುತ್ತೇವೆ. ಅಹಾ, ಏನು ಭರ್ಜರಿ! ಅದೇ ಸೆಟ್ಟಿಂಗ್ ಬ್ಯಾಂಡಿಗೆ ತಂದರೆ ಕೆಳಗಿನ ಜಾಗ ಬಾಸ್ ಗಿಟಾರ್ ಮತ್ತು ಕಿಕ್ ಡ್ರಮ್ಮಿನದು, ಮೇಲಿನ ಜಾಗ ಸಿಂಬಲ್ಲಿನದು. ಗಿಟಾರಿಗೆ ಉಳಿದಿದ್ದ ನಡುಮನೆಯನ್ನು ನಾವೇ ಖಾಲಿ ಮಾಡಿ ಬಂದಿದ್ದೇವೆ.

ಪೆಡಲುಗಳಿಗೂ ಇಂಥದ್ದೇ ಸ್ವಭಾವ ಇದೆ. ನ್ಯೂಯಾರ್ಕಿನ ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಬಿಗ್ ಮಫ್ ಅನ್ನುವ ಫಝ್ ಪೆಡಲ್ 1 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಗುಳಿ ತೋಡುತ್ತದೆ. ಒಂಟಿಯಾಗಿ ನುಡಿಸಿದರೆ ಗೋಡೆಯಂಥ ಸದ್ದು, ಕೀಬೋರ್ಡೂ ಇನ್ನೊಂದು ಗಿಟಾರೂ ಸೇರಿದರೆ ಅದೇ ಗೋಡೆ ಹಿಂದಕ್ಕೆ ಸರಿಯುತ್ತದೆ. ಐಬನೆಜ್‌ನ ಟ್ಯೂಬ್ ಸ್ಕ್ರೀಮರ್ ಅನ್ನುವ ಓವರ್‌ಡ್ರೈವ್ ಇದರ ತದ್ವಿರುದ್ಧ, 720 ಹರ್ಟ್ಜ್ ಹತ್ತಿರ ಉಬ್ಬು. ಅಂಗಡಿಯಲ್ಲಿ ಕೂತು ಒಬ್ಬರೇ ನುಡಿಸಿದರೆ "ಏನಪ್ಪಾ ಇದು, ಮೂಗಲ್ಲಿ ಹಾಡ್ತಿದೆ" ಅನಿಸುತ್ತದೆ. ಡ್ರಮ್ಮು, ಬಾಸ್ ಜೊತೆ ಸೇರಿದಾಗ ಅದೇ ಮೂಗಿನ ದನಿ ಎಲ್ಲರ ಮಧ್ಯೆ ತಲೆಯೆತ್ತಿ ನಿಲ್ಲುತ್ತದೆ. ಹಾಗಾಗಿ ಸೋಲೊ ಕೇಳಿಸುತ್ತಿಲ್ಲ ಅಂದರೆ ಗೇನ್ (ಸದ್ದು ಎಷ್ಟು ಒಡೆಯಬೇಕು ಅನ್ನುವ ನಾಬ್) ಏರಿಸಬೇಡಿ. ಗೇನ್ ಇಳಿಸಿ, ಮಿಡ್ ಏರಿಸಿ, ಪೆಡಲಿನ ಲೆವೆಲ್ ಏರಿಸಿ.

ಟ್ಯೂಬ್ ಸ್ಕ್ರೀಮರ್ ಕೊಂಡು ನಿರಾಶರಾದ ಇನ್ನೊಂದು ಗುಂಪಿದೆ. ಅದನ್ನು ಇಷ್ಟಪಡುವವರಲ್ಲಿ ಬಹಳ ಜನ ಆಗಲೇ ಸ್ವಲ್ಪ ಒಡೆಯುತ್ತಿರುವ, ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರುವ ಆಂಪ್‌ಗೆ, ಡ್ರೈವ್ ಕಮ್ಮಿ ಲೆವೆಲ್ ಜಾಸ್ತಿ ಇಟ್ಟು ತಳ್ಳುತ್ತಾರೆ. ಸದ್ದಿನ ದೊಡ್ಡ ಪಾಲು ಆಂಪ್‌ನದು. ನಮ್ಮ ಹತ್ತು ವಾಟಿನ ಟ್ರಾನ್ಸಿಸ್ಟರ್ ಆಂಪ್ ಕ್ಲೀನ್ ಚಾನೆಲ್‌ನಲ್ಲಿ ಆ ತಳ್ಳುವಿಕೆಗೆ ಹಾಗೆ ಉತ್ತರ ಕೊಡುವುದಿಲ್ಲ. ಅಂಥ ಆಂಪ್ ಇದ್ದರೆ ಪೂರ್ತಿ ಕೆಲಸ ತಾನೇ ಮಾಡುವ ಡಿಸ್ಟಾರ್ಷನ್ ಪೆಡಲ್ ನೋಡಿ, 1978ರ ಬಾಸ್ ಕಂಪನಿಯ ಡಿಎಸ್-1 ಅಥವಾ ರ್ಯಾಟ್ ಅನ್ನುವ ಪೆಡಲಿನ ಜಾತಿಯದು. ಯಾವ ಪೆಡಲ್ ಅನ್ನುವ ಪ್ರಶ್ನೆಗೆ ಯಾವ ಆಂಪ್ ಅನ್ನುವುದು ಗೊತ್ತಿಲ್ಲದೆ ಉತ್ತರವೇ ಇಲ್ಲ.

ಕಾರ್ಡ್ ಹಿಡಿದರೆ ಕಲಸಿದ ಹಾಗೆ

ಒಂದು ತಂತಿ ಬಾರಿಸಿದರೆ ಚೆಂದ, ಮೇಜರ್ ಕಾರ್ಡ್ ಬಾರಿಸಿದರೆ ಗಲಾಟೆ. ತಂಬೂರಿಯ ಕುದುರೆಯ ಮೇಲೆ ತಂತಿ ಅಡಿಗೆ ದಾರ ಸೇರಿಸಿ ಸದ್ದು ಅರಳಿಸುತ್ತಾರಲ್ಲ, ಡಿಸ್ಟಾರ್ಷನ್ ಕೂಡ ಹಾಗೇ ಒಂದು ಸ್ವರಕ್ಕೆ ಅದರದೇ ಮರಿಗಳನ್ನು ಸೇರಿಸುತ್ತದೆ. ತೊಂದರೆ ಏನೆಂದರೆ ಎರಡು ಸ್ವರ ಒಟ್ಟಿಗೆ ಬಂದಾಗ ಅವುಗಳ ಕೂಡಿದ, ಕಳೆದ ಸಂಖ್ಯೆಗಳ ಸದ್ದುಗಳನ್ನೂ ಹುಟ್ಟಿಸುತ್ತದೆ. 110 ಹರ್ಟ್ಜ್ ಎ ಮತ್ತು 165 ಹರ್ಟ್ಜ್ ಇ ಒಟ್ಟಿಗೆ ಬಾರಿಸಿದರೆ ವ್ಯತ್ಯಾಸ 55, ಅಂದರೆ ಒಂದು ಸ್ಥಾಯಿ ಕೆಳಗಿನ ಎ. ಮನೆಯವರೇ. ಇಂಥ ಎರಡೇ ಸ್ವರದ ಪವರ್ ಕಾರ್ಡ್ ದಪ್ಪಗೆ ಕೇಳುವುದು ಇದಕ್ಕೇ. ಅದೇ ಎ ಜೊತೆ 138.6 ಹರ್ಟ್ಜ್‌ನ ಸಿ ಶಾರ್ಪ್ ಬಾರಿಸಿ, ವ್ಯತ್ಯಾಸ 28.6, ಯಾವ ಸ್ವರದ ಮೇಲೂ ಸರಿಯಾಗಿ ಕೂರದ ಅತಿಥಿ. ಪೆಡಲ್ ಬದಲಾಯಿಸಿದರೆ ಇದು ಪೂರ್ತಿ ಹೋಗಲ್ಲ. ಗೇನ್ ಇಳಿಸಿ, ಇಲ್ಲವೇ ಕಾರ್ಡಿನಲ್ಲಿ ತಂತಿ ಕಮ್ಮಿ ಮಾಡಿ.

ಡಿಲೇ, ರಿವರ್ಬ್ ಹಾಕಿದಾಗ ಮಾತ್ರ ಕಲಸಿದರೆ ಅವು ಡಿಸ್ಟಾರ್ಷನ್‌ಗಿಂತ ಮುಂಚೆ ಕೂತಿವೆ ಅಂತ ಕಾಣುತ್ತದೆ. ಅದರ ನಂತರಕ್ಕೆ ಕಳಿಸಿ. ಒಡೆದ ಸದ್ದು ಆಂಪ್‌ನ ಗೇನ್ ಚಾನೆಲ್‌ನಿಂದ ಬರುತ್ತಿದ್ದರೆ ಆಂಪ್ ಹಿಂದೆ ಎಫೆಕ್ಟ್ಸ್ ಲೂಪ್ ಅನ್ನುವ ಎರಡು ಜ್ಯಾಕ್ ಇದೆಯಾ ನೋಡಿ, ಡಿಲೇ ಅಲ್ಲಿಗೆ ಹೋಗಲಿ.

ಜೇನುನೊಣ ಡಬ್ಬದಲ್ಲಿ ಹಾಕಿದ ಹಾಗೆ

ಡಿಸ್ಟಾರ್ಷನ್ ಪೆಡಲಿನಿಂದ ನೇರ ಮಿಕ್ಸರಿಗೋ, ಕಂಪ್ಯೂಟರಿನ ಸೌಂಡ್ ಕಾರ್ಡಿಗೋ, ಹೋಂ ಥಿಯೇಟರಿಗೋ ಹಾಕಿದ್ದೀರಿ, ಅಲ್ವಾ? ಗಿಟಾರ್ ಆಂಪ್‌ನ 12 ಇಂಚಿನ ಸ್ಪೀಕರ್ 5 ಕಿಲೋಹರ್ಟ್ಜ್ ಮೇಲಿನದ್ದನ್ನು ಹೆಚ್ಚುಕಮ್ಮಿ ಕತ್ತರಿಸಿ ಬಿಸಾಕುತ್ತದೆ. ಮಿಕ್ಸರಿಗೆ ಕಟ್ಟಿದ ಸ್ಪೀಕರಿಗೆ ಆ ಸಂಕೋಚ ಇಲ್ಲ, ಎಲ್ಲ ಸಿಪ್ಪೆಯನ್ನೂ ಕೇಳಿಸುತ್ತದೆ. ಸಾಲಿನ ಕೊನೆಗೆ ಗಿಟಾರ್ ಸ್ಪೀಕರಿನ ಹಾಗೇ ಕತ್ತರಿಸುವ ಕ್ಯಾಬಿನೆಟ್ ಸಿಮ್ಯುಲೇಟರ್ ಬೇಕು, ಕಂಪ್ಯೂಟರ್ ಆದರೆ ಪುಕ್ಕಟೆ ಸಾಫ್ಟ್‌ವೇರಿನಲ್ಲೇ ಸಿಗುತ್ತದೆ. ತುರ್ತಿಗೆ ಮಿಕ್ಸರಿನ ಹೈ ನಾಬ್ ಪೂರ್ತಿ ಇಳಿಸಿ ಕೆಲಸ ಸಾಗಿಸಬಹುದು.

ಸಣ್ಣಪುಟ್ಟವು

ನಾಬ್ ತಿರುಗಿಸಿದರೆ ಚರಚರ ಅಂದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಲ ಸಿಂಪಡಿಸಿ ಇಪ್ಪತ್ತು ಸಲ ತಿರುಗಿಸಿ. ಕೊಬ್ಬರಿ ಎಣ್ಣೆ ಬೇಡ, ಹಾಕಿದವರನ್ನು ಬಲ್ಲೆ. ಟ್ರೂ ಬೈಪಾಸ್ ಪೆಡಲ್ ಮೊದಲ ಒಂದೆರಡು ಸಲ ತುಳಿದಾಗ ಟಪ್ ಅಂದು ಆಮೇಲೆ ಸುಮ್ಮನಾದರೆ ಬಿಟ್ಟುಬಿಡಿ. ಪ್ರತಿ ಸಲವೂ ಟಪ್ ಅಂದರೆ ಒಳಗೆ ಕೆಪಾಸಿಟರ್ ಸೋರುತ್ತಿದೆ, ಅಥವಾ ಅದರ ಚಾರ್ಜ್ ಇಳಿಸಲು ಇರಬೇಕಾದ 1 ಮೆಗಾಓಮ್ ರೆಸಿಸ್ಟರ್ ಇಲ್ಲ. ಬೆಸುಗೆ ಬಲ್ಲವರಿಗೆ ಹತ್ತು ನಿಮಿಷದ ಕೆಲಸ.

ಇಷ್ಟೆಲ್ಲ ನೋಡಿಯೂ ಏನೋ ಕೊರತೆ ಅನಿಸಿದರೆ ಅಂಗಡಿಗೆ ಹೋಗಿ. ನಿಮ್ಮ ಗಿಟಾರ್, ನಿಮ್ಮ ಕೇಬಲ್ ಹೊತ್ತುಕೊಂಡೇ ಹೋಗಿ, ಅಂಗಡಿಯವರು ಕೊಡುವ ಐವತ್ತು ವಾಟಿನ ವಾಲ್ವ್ ಆಂಪ್ ಬೇಡ ಅನ್ನಿ, ನಿಮ್ಮ ಮನೆಯಲ್ಲಿರುವಂಥದ್ದೇ ಚಿಕ್ಕದನ್ನು ಹುಡುಕಿಸಿ. ಪೆಡಲ್ ಆನ್ ಮಾಡಿದಾಗ ಸದ್ದು ಜೋರಾಯಿತು ಅಂತ ಚೆನ್ನಾಗಿ ಕೇಳಿಸುತ್ತಿರಬಹುದು, ಹಾಗಾಗಿ ಆನ್ ಮತ್ತು ಆಫ್ ಎರಡರಲ್ಲೂ ಒಂದೇ ಮಟ್ಟ ಬರುವ ಹಾಗೆ ಲೆವೆಲ್ ನಾಬ್ ಹೊಂದಿಸಿ, ಆಮೇಲೆ ಕೇಳಿ. ಮನೆಯಲ್ಲಿ ಮಾಡಿಟ್ಟ ರೆಕಾರ್ಡಿಂಗ್ ಫೋನಲ್ಲೇ ಇದೆಯಲ್ಲ, ಬಿಲ್ ಹಾಕಿಸುವ ಮುಂಚೆ ಹೊರಗೆ ಬಂದು ಅದನ್ನೂ ಒಂದು ಸಲ ಕೇಳಿ.